ಜಾಲಪುಟದ ವಿಳಾಸ ಹೇಗಿರಬೇಕು?

ವಿಶ್ವವ್ಯಾಪಿ ಜಾಲದಲ್ಲಿರುವ ಪ್ರತಿಯೊಂದು ಪುಟಕ್ಕೂ ಒಂದು ವಿಳಾಸವುಂಟು. ಅದನ್ನು ಯು.ಆರ್.ಎಲ್. ಎಂದು ಕರೆಯುವುದು ರೂಢಿ. 1989ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಈ ಜಾಲದ ಯೋಜನೆಯನ್ನು ಮಂಡಿಸಿದರು. ವಿಳಾಸಗಳನ್ನು ಬರೆಯುವ ನಿಯಮಗಳು 1994ರ ಡಿಸೆಂಬರಿನಲ್ಲಿ ಪ್ರಕಟವಾದುವು. ವಿಳಾಸಗಳನ್ನು ನಾವು ದಿನವೂ ಬಳಸುತ್ತೇವೆ. ಓದಿ ನೋಡುವುದು ಮಾತ್ರ ವಿರಳ. ವಿಳಾಸವು ಹೇಗಿದ್ದರೆ ಮನುಷ್ಯನಿಗೂ ಶೋಧಯಂತ್ರಕ್ಕೂ ಅನುಕೂಲವೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಕಾಲೇಜೊಂದರ ಜಾಲತಾಣದಲ್ಲಿ ಶ್ರೀಗಂಧದ ಬೇರನ್ನು ಕುರಿತ ಲೇಖನವಿದೆಯೆಂದು ಭಾವಿಸೋಣ. ತಾಣದ ಹೆಸರಿನ ಮುಂದೆ ಅದರ ವಿಳಾಸವನ್ನು ಎರಡು ಬಗೆಯಾಗಿ ಬರೆಯಬಹುದು:

/ಪುಟ?ಐಡಿ=4817&ವರ್ಗ=3

/ಲೇಖನ/ಶ್ರೀಗಂಧದ-ಬೇರು

ಮೊದಲನೆಯದರಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದಿರುವುದು ತಾಣದ ದತ್ತಸಂಗ್ರಹಕ್ಕೆ ಕೇಳುವ ಪ್ರಶ್ನೆ: ‘4817ನೆಯ ಬರಹವನ್ನು ಕೊಡು’ ಎಂದು ಅದರ ಅರ್ಥ. ಯಂತ್ರಕ್ಕೆ ಇಷ್ಟೇ ಸಾಕು. ಆದರೆ ಪುಟವನ್ನು ತೆರೆಯುವವರೆಗೆ ಅದರಲ್ಲೇನಿದೆಯೆಂದು ನಮಗೆ ತಿಳಿಯದು. ಎರಡನೆಯದಾದರೋ ವಿಷಯವನ್ನು ತಾನೇ ಹೇಳುತ್ತದೆ. ಸರ್ವರಿನಲ್ಲಿ ಸೂಕ್ತ ನಿಯಮವನ್ನು ಬರೆದಿಟ್ಟರೆ ಹೊರಗಿನ ಹೆಸರನ್ನು ಒಳಗಿನ ಸಂಖ್ಯೆಗೆ ಅದೇ ಹೊಂದಿಸಿಕೊಳ್ಳುತ್ತದೆ. ಆದುದರಿಂದ ಇಂಥ ವಿಳಾಸವನ್ನು ಕೊಡುವುದು ಕಷ್ಟವೇನಲ್ಲ.

ಇನ್ನು ಶೋಧಯಂತ್ರದ ಕಡೆಗೆ ಬರೋಣ. ಅದರ ಸಂಚಾರಿ ಪ್ರೋಗ್ರಾಮು ಕೊಂಡಿಯಿಂದ ಕೊಂಡಿಗೆ ಸಾಗುತ್ತ, ಕಂಡ ಪುಟಗಳನ್ನು ಅವುಗಳ ವಿಳಾಸದೊಡನೆ ಸೂಚಿಯಲ್ಲಿ ದಾಖಲಿಸುತ್ತದೆ. ವಿಳಾಸದಲ್ಲಿ ಪದಗಳನ್ನು ತುಂಬಿದರೆ ಪುಟವು ಪಟ್ಟಿಯ ತುದಿಗೇರುವುದೆಂದು ಹಲವರ ನಂಬಿಕೆ. ಇದು ಸರಿಯಲ್ಲ. ಆ ಪದಗಳ ಪ್ರಭಾವ ಅತ್ಯಲ್ಪವೆಂದು ಗೂಗಲ್ ಸಂಸ್ಥೆಯೇ ತಿಳಿಸಿದೆ. ನಿಜವಾದ ಲಾಭ ಬೇರೆಡೆ ಇದೆ. ಪ್ರಶ್ನೆಯ ರೂಪದ ವಿಳಾಸದಲ್ಲಿ ‘ವರ್ಗ’ವನ್ನು ಮುಂದೆ ಬರೆದು ‘ಐಡಿ’ಯನ್ನು ಹಿಂದೆ ಬರೆದರೂ ಅದೇ ಪುಟ ತೆರೆಯಬಹುದು. ಆದರೆ ಯಂತ್ರದ ಕಣ್ಣಿಗೆ ಅವು ಎರಡು ವಿಳಾಸಗಳು. ಒಂದೇ ಬರಹಕ್ಕಾಗಿ ಅದು ಎರಡು ಸಲ ಬರಬೇಕಾಗುತ್ತದೆ. ಈ ತೊಡಕಿನ ಪರಿಹಾರಕ್ಕಾಗಿ, ಪುಟವು ತನ್ನ ಮುಖ್ಯ ವಿಳಾಸವನ್ನು ತಾನೇ ಸಾರುವ ಒಂದು ಗುರುತನ್ನು ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸಂಸ್ಥೆಗಳು 2009ರಲ್ಲಿ ಒಟ್ಟಾಗಿ ಅಂಗೀಕರಿಸಿದುವು. ಪುಟವೊಂದಕ್ಕೆ ವಿಳಾಸವೊಂದೇ ಇದ್ದರೆ ಈ ಗೊಂದಲವೇ ಹುಟ್ಟುವುದಿಲ್ಲ.

ಕನ್ನಡದಲ್ಲಿ ವಿಳಾಸ ಬರೆಯಬಹುದೇ? ಅಗತ್ಯವಾಗಿ ಬರೆಯಬಹುದು. ಕನ್ನಡ ವಿಕಿಪೀಡಿಯದ ಪುಟಗಳ ವಿಳಾಸದಲ್ಲಿ ಲೇಖನದ ಕನ್ನಡ ಹೆಸರೇ ಇರುತ್ತದೆ. ಆದರೆ ಅದನ್ನು ನಕಲು ಮಾಡಿ ಮಿತ್ರರಿಗೆ ಕಳುಹಿಸಿದಾಗ ಅನೇಕ ವೇಳೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣುತ್ತದೆ. ಕಾರಣವಿಷ್ಟೆ: ಮೂಲ ನಿಯಮಗಳಂತೆ ವಿಳಾಸದಲ್ಲಿ ರೋಮನ್ ಅಕ್ಷರ, ಅಂಕಿ ಹಾಗೂ ಕೆಲವು ಚಿಹ್ನೆಗಳಿಗೆ ಮಾತ್ರ ಅವಕಾಶ. ‘ಹಂಪಿ’ ಎಂಬುದರಲ್ಲಿ ಹಕಾರ, ಅನುಸ್ವಾರ, ಪಕಾರ, ಗುಡಿಸು ಎಂದು ನಾಲ್ಕು ಸಂಕೇತಗಳಿವೆ. ಒಂದೊಂದಕ್ಕೂ ಮೂರು ಬೈಟು. ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತು. ಅಂತೂ ಎರಡಕ್ಷರದ ಊರಿನ ಹೆಸರು 36 ಗುರುತುಗಳಾಗಿ ಬೆಳೆಯುತ್ತದೆ! ಶೋಧಯಂತ್ರವು ಇದನ್ನು ಮರಳಿ ಕನ್ನಡವಾಗಿಯೇ ಓದಿಕೊಳ್ಳಬಲ್ಲದು. ಓದುಗರ ಭಾಷೆಯ ಪದಗಳನ್ನೇ ಬಳಸಿರೆಂದು ಗೂಗಲ್ ಸಲಹೆಯನ್ನೂ ಕೊಟ್ಟಿದೆ. ನಾವು ಪದಗಳನ್ನು ಮಿತವಾಗಿಟ್ಟರೆ ಸಾಕು.

ಸ್ಪಷ್ಟತೆಗಿಂತಲೂ ದೊಡ್ಡ ಗುಣವೆಂದರೆ ಸ್ಥಿರತೆ. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲವೆಂದು ಬರ್ನರ್ಸ್-ಲೀ ಅವರು 1998ರ ಲೇಖನವೊಂದರಲ್ಲಿ ವಾದಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಉಲ್ಲೇಖಿಸಿದ್ದ ಜಾಲವಿಳಾಸಗಳನ್ನು ಹಾರ್ವರ್ಡಿನ ವಿದ್ವಾಂಸರು ಪರಿಶೀಲಿಸಿ, ಸುಮಾರು ಅರ್ಧದಷ್ಟು ವಿಳಾಸಗಳಲ್ಲಿ ಮೂಲದ ಮಾಹಿತಿ ಸಿಗುತ್ತಿಲ್ಲವೆಂದು 2013ರಲ್ಲಿ ತೋರಿಸಿದರು. ಆಧಾರ ಕಾಣೆಯಾದ ಮೇಲೆ ತೀರ್ಪನ್ನು ಪರೀಕ್ಷಿಸುವ ಬಗೆ ಹೇಗೆ? ವಿದ್ಯಾರ್ಥಿಯ ಪ್ರಬಂಧಕ್ಕೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ನಾಳೆ ಬದಲಾಗುವಂಥದನ್ನು ವಿಳಾಸದಲ್ಲಿ ಸೇರಿಸಬಾರದು. ಪ್ರೋಗ್ರಾಮಿನ ಹೆಸರು, ಕಡತದ ಬಗೆ, ‘ಹೊಸತು’ ಎಂಬ ವಿಶೇಷಣ ಇವೆಲ್ಲ ಹಾಗೆ ಬದಲಾಗತಕ್ಕವು. ಕಾಲೇಜಿನ ವಿಭಾಗಗಳ ಹೆಸರು ಕೂಡ ಶಾಶ್ವತವಲ್ಲ. ಪದಗಳ ನಡುವೆ ಅಡಿಗೆರೆಯ ಬದಲು ಕಿರುಗೆರೆಯನ್ನು ಹಾಕಬೇಕು. ಪುಟವನ್ನು ಬೇರೆಡೆಗೆ ಸಾಗಿಸಲೇಬೇಕಾದರೆ ಹಳೆಯ ವಿಳಾಸದಲ್ಲಿ 301 ಎಂಬ ಸಂಕೇತದಿಂದ ಹೊಸ ದಾರಿಯನ್ನು ತೋರಿಸಬೇಕು. ಓದುಗನೂ ಶೋಧಯಂತ್ರವೂ ಅದನ್ನನುಸರಿಸಿ ಬರುತ್ತಾರೆ. ಹಾಗೆ ಮಾಡದಿದ್ದರೆ ‘ಪುಟ ದೊರೆಯಲಿಲ್ಲ’ ಎಂಬ 404 ಮಾತ್ರ ಎದುರಾಗುತ್ತದೆ.

ವಾಚಕರಿಗೊಂದು ಅಭ್ಯಾಸ: ಹಿಂದೆ ಬರೆದ ಯಾವುದಾದರೂ ಪ್ರಬಂಧದಿಂದ ಹತ್ತು ಜಾಲವಿಳಾಸಗಳನ್ನು ಆರಿಸಿಕೊಳ್ಳಿರಿ. ತೆರೆಯುವ ಮೊದಲು ಒಂದೊಂದರ ವಿಷಯವನ್ನೂ ಊಹಿಸಿ ಬರೆದಿಡಿರಿ. ಬಳಿಕ ತೆರೆದು ನೋಡಿರಿ. ಎಷ್ಟು ಊಹೆ ಸರಿಯಾಯಿತು, ಎಷ್ಟು ಪುಟಗಳು ಉಳಿದಿವೆ ಎಂಬುದರಿಂದ ಒಳ್ಳೆಯ ವಿಳಾಸದ ಬೆಲೆ ತಾನಾಗಿ ವಿದಿತವಾಗುತ್ತದೆ.