ಆಯುಧಪೂಜೆಯ ದಿನದ ಕ್ಯಾಮೆರಾ ಲೆಕ್ಕ

ನಮ್ಮ ಮನೆಯಲ್ಲಿ ಆಯುಧಪೂಜೆಯ ಸಾಲು ದೊಡ್ಡದೇ. ಕತ್ತಿ, ಈಳಿಗೆಮಣೆ, ಮೆಟ್ಟುಗತ್ತಿ, ಮಿಕ್ಸಿ, ಯಜಮಾನರ ಸ್ಕೂಟರ್. 2019ರಿಂದೀಚೆಗೆ ಸಾಲಿನ ಕೊನೆಗೆ ಒಂದು ಕ್ಯಾಮೆರಾನೂ ಕೂರುತ್ತದೆ. ಕುಂಕುಮ ಲೆನ್ಸಿನ ಮುಚ್ಚಳಕ್ಕೆ ಮಾತ್ರ, ಗಾಜಿಗೆ ಬೇಡ ಎಂದು ಅಮ್ಮನಿಗೆ ಪ್ರತಿ ವರ್ಷ ಹೊಸದಾಗಿ ಹೇಳಬೇಕು. ಪೂಜೆ ಮುಗಿದು ಮಂಡಕ್ಕಿ ಹಂಚಿದ ಮೇಲೆ ನನ್ನದು ಇನ್ನೊಂದು ಶಾಸ್ತ್ರ ಇದೆ. ಬೆಂಗಳೂರಿನಲ್ಲಿ ಹಳೆ ಕ್ಯಾಮೆರಾ ಕೊಳ್ಳುವ ಅಂಗಡಿಗೆ ಫೋನ್ ಮಾಡಿ, ‘ನನ್ನದು ಈ ಮಾಡೆಲ್, ಈ ಸ್ಥಿತಿಯಲ್ಲಿದೆ, ಇವತ್ತು ತಂದುಕೊಟ್ಟರೆ ಎಷ್ಟು ಕೊಡ್ತೀರಿ?’ ಎಂದು ಕೇಳಿ, ಅವರು ಹೇಳಿದ ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಮಾರುವ ಉದ್ದೇಶ ಇರಲಿ, ಇಲ್ಲದಿರಲಿ. ಸಾಗರದ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಕೆಲಸದ ಚಟ ಮನೆಗೂ ಬರುತ್ತದೆ.

ಕ್ಯಾಮೆರಾ ಸೋನಿಯ ಎ6400. ಅಂಗೈಯಲ್ಲಿ ಹಿಡಿಯುವಂಥದ್ದು, ಬ್ಯಾಟರಿ ಸೇರಿ ನಾನೂರು ಗ್ರಾಮಿನ ಆಸುಪಾಸು. ಹಳೆ ಡಿಎಸ್‌ಎಲ್‌ಆರ್ ಹೊಟ್ಟೆಯೊಳಗೆ ಒಂದು ಕನ್ನಡಿ ಇರುತ್ತಿತ್ತಲ್ಲ, ಅದನ್ನು ತೆಗೆದುಹಾಕಿ ತೆಳ್ಳಗೆ ಮಾಡಿದ್ದೇ ಈ ಮಿರರ್‌ಲೆಸ್ ಜಾತಿ. 2018ರಿಂದಲೇ ಒಂದು ಕೊಳ್ಳಬೇಕೆಂದು ಆರ್‌ಡಿ ಕಟ್ಟುತ್ತಿದ್ದೆ. ಆ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಡಿಜಿಟಲ್ ಕ್ಯಾಮೆರಾಗಳ ತೆರಿಗೆಯನ್ನು ಶೇ 28ರಿಂದ 18ಕ್ಕೆ ಇಳಿಸಿತು, ಜನವರಿಯಲ್ಲಿ ಈ ಮಾಡೆಲ್ ಬಂತು, ಮಾರ್ಚಿನಲ್ಲಿ ನಾನು ಬೆಂಗಳೂರು ಬಸ್ಸು ಹತ್ತಿದೆ. ಜೊತೆಗೆ ಕೊಡುವ 16-50 ಲೆನ್ಸೂ ಸೇರಿ 84 ಸಾವಿರ. ಆವರೆಗೆ ನನ್ನ ಹೆಸರಲ್ಲಿ ನಾನೇ ಕೊಂಡ ಅತಿ ದುಬಾರಿ ವಸ್ತು ಒಂದು ಜೊತೆ ಓಲೆಯಾಗಿತ್ತು. ಓಲೆ ಯಾವತ್ತೂ ಬೆಲೆ ಕಳೆದುಕೊಂಡಿಲ್ಲ ಎಂಬುದನ್ನು ಯಜಮಾನರು ಬಸ್‌ಸ್ಟ್ಯಾಂಡಿನಲ್ಲೇ ನೆನಪಿಸಿದರು.

ಏಳು ತಿಂಗಳ ನಂತರ, ಮೊದಲ ಆಯುಧಪೂಜೆಗೆ, ಅಂಗಡಿಯವರು ಹೇಳಿದ್ದು 62 ಸಾವಿರ. ಒಂದು ಗೀರಿಲ್ಲ, ಡಬ್ಬ-ಬಿಲ್ಲು ಎಲ್ಲ ಇದೆ, ಆದರೂ 22 ಸಾವಿರ ಹೋಗಿತ್ತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಎದ್ದು ಬಿಲ್ಲು ತೆಗೆದು ನೋಡಿದ್ದು ನಿಜ. 84 ಸಾವಿರದಲ್ಲಿ ಜಿಎಸ್‌ಟಿಯೇ 12,800 ರೂಪಾಯಿ ಚಿಲ್ಲರೆ. ಹಳೆ ಮಾಲು ಕೊಳ್ಳುವವನು ನಾನು ಸರ್ಕಾರಕ್ಕೆ ಕಟ್ಟಿದ ತೆರಿಗೆಗೆ ಬೆಲೆ ಕಟ್ಟುವುದಿಲ್ಲ, ಅದು ಅಂಗಡಿಯ ಹೊಸ್ತಿಲು ದಾಟುವಾಗಲೇ ಹೋಯಿತು. ಉಳಿದದ್ದರಲ್ಲಿ ಆತನ ಲಾಭ, ಆತ ಕೊಡಬೇಕಾದ ವಾರಂಟಿ. ಅಂದರೆ ಕ್ಯಾಮೆರಾ ಏಳು ತಿಂಗಳಲ್ಲಿ ಹಳತಾಗಿ ಬೆಲೆ ಇಳಿದದ್ದಲ್ಲ. ಕೊಂಡ ದಿನವೇ ಇಳಿದಿತ್ತು, ನನಗೆ ಗೊತ್ತಾಗಿದ್ದು ಏಳು ತಿಂಗಳಾದ ಮೇಲೆ.

ಮುಂದಿನ ವರ್ಷಗಳ ಅಂಕಿಗಳನ್ನು ನೋಟ್‌ಬುಕ್ಕಿನಿಂದಲೇ ಇಳಿಸುತ್ತೇನೆ. 2020ರಲ್ಲಿ 55 ಸಾವಿರ, ಆಮೇಲೆ 50, 45, 2023ರಲ್ಲಿ 38, ಆಮೇಲೆ 33, 2025ರ ಪೂಜೆಗೆ 29 ಸಾವಿರ. ಮೊದಲ ಏಳು ತಿಂಗಳಿಗೆ 22 ಸಾವಿರ ನುಂಗಿದ ವಸ್ತು ಆನಂತರದ ಆರು ವರ್ಷಕ್ಕೆ ನುಂಗಿದ್ದು 33 ಸಾವಿರ. ವರ್ಷಕ್ಕೆ ಐದೂವರೆ ಸಾವಿರ, ತಿಂಗಳಿಗೆ ನಾನೂರ ಅರವತ್ತರ ಒಳಗೆ.

‘ಅಷ್ಟು ದುಡ್ಡು ಕೊಟ್ಟಿದ್ದೀನಲ್ಲ, ಇಟ್ಟುಕೊಳ್ಳಲೋ ಮಾರಲೋ?’ ಎಂದು ಕೇಳುವವರು ನನಗೆ ಆಗಾಗ ಸಿಗುತ್ತಾರೆ. ಆ ಪ್ರಶ್ನೆಯಲ್ಲಿ ‘ಅಷ್ಟು ದುಡ್ಡು’ ಎಂಬುದಕ್ಕೆ ಜಾಗವೇ ಇಲ್ಲ. 84 ಸಾವಿರ ಹೊಳೆಯಲ್ಲಿ ಹೋದ ನೀರು. ಇವತ್ತು ನನ್ನ ಕೈಯಲ್ಲಿರುವುದು 29 ಸಾವಿರದ ಒಂದು ವಸ್ತು. ಮುಂದಿನ ಪೂಜೆಯವರೆಗೆ ಇಟ್ಟುಕೊಂಡರೆ ಸುಮಾರು ನಾಲ್ಕು ಸಾವಿರ ಬೆಲೆ ಇಳಿಯುತ್ತದೆ. ಮಾರಿ ಆ ಹಣವನ್ನು ಶೇ ಆರೂವರೆಯ ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿ 1,900 ರೂಪಾಯಿ ಹತ್ತಿರ. ಒಟ್ಟು ಆರು ಸಾವಿರ. ಇನ್ನೊಂದು ವರ್ಷ ಇಟ್ಟುಕೊಳ್ಳುವುದಕ್ಕೆ ನಾನು ಕೊಡುವ ಬೆಲೆ ಅದೇ, ಅದಕ್ಕಿಂತ ಹೆಚ್ಚಲ್ಲ, ಕಡಿಮೆಯೂ ಅಲ್ಲ. ಬೆಂಗಳೂರಿನಲ್ಲಿ ಇಂಥದೇ ಕ್ಯಾಮೆರಾಗೆ ದಿನದ ಬಾಡಿಗೆ ನನಗೆ ಹೇಳಿದ್ದು 1,200 ರೂಪಾಯಿ. ಭಾಗಿಸಿದರೆ ಐದು. ವರ್ಷಕ್ಕೆ ಐದು ದಿನಕ್ಕಿಂತ ಹೆಚ್ಚು ಬಳಸುತ್ತೀನಾದರೆ ಇಟ್ಟುಕೊಳ್ಳುವುದು ಲಾಭ, ಇಲ್ಲವಾದರೆ ಮಾರಿ ಬೇಕಾದಾಗ ಬಾಡಿಗೆಗೆ ತರುವುದು ಲಾಭ. ಸಾಗರದಲ್ಲಿ ಬಾಡಿಗೆಗೆ ಕೊಡುವವರು ನನಗಂತೂ ಸಿಕ್ಕಿಲ್ಲ ಎಂಬುದು ಬೇರೆ ಮಾತು.

ತಮಾಷೆಯ ಒಂದು ಸಂಗತಿ ಸೇರಿಸಿಬಿಡುತ್ತೇನೆ. ಆದಾಯ ತೆರಿಗೆಯ ಲೆಕ್ಕದಲ್ಲಿ, ಉದ್ಯೋಗಕ್ಕೆ ಬಳಸುವ ಕ್ಯಾಮೆರಾ ಸಾಮಾನ್ಯ ಯಂತ್ರೋಪಕರಣಗಳ ಸಾಲಿಗೆ ಸೇರುತ್ತದೆ, ವರ್ಷಕ್ಕೆ ಶೇ 15 ಸವಕಳಿ. ಕಂಪ್ಯೂಟರ್‌ಗಾದರೆ ಶೇ 40. ನನ್ನದು ಬರೀ ಹವ್ಯಾಸ, ನನಗೆ ಅದರ ಪ್ರಯೋಜನ ಇಲ್ಲ, ಆದರೂ ಕುತೂಹಲಕ್ಕೆ 84 ಸಾವಿರದಿಂದ ವರ್ಷವರ್ಷ ಶೇ 15 ಇಳಿಸುತ್ತಾ ಬಂದೆ. ಆರು ವರ್ಷಕ್ಕೆ 31,680. ಏಳಕ್ಕೆ 26,928. ಆರೂವರೆ ವರ್ಷಕ್ಕೆ ಅಂಗಡಿಯವರು ಹೇಳಿದ್ದು 29 ಸಾವಿರ! ಸರ್ಕಾರದ ಪಟ್ಟಿ ಬರೆದವರು ಯಾರೋ ಗುಜರಿ ಅಂಗಡಿಯಲ್ಲಿ ಕೂತು ಬಂದವರೇ ಇರಬೇಕು.

ಬಾಡಿಗೆಗೆ ಹೋಲಿಸಿದ ಆ ಐದು ದಿನದ ಲೆಕ್ಕದಲ್ಲಿ ನಾನೇ ಒಮ್ಮೆ ಫೇಲಾಗಿದ್ದೇನೆ. 2020ರಲ್ಲಿ ಲಾಕ್‌ಡೌನು, ಜಾತ್ರೆ ಇಲ್ಲ, ಮೇಳ ಇಲ್ಲ, ಮದುವೆಗೆ ಐವತ್ತು ಜನ. ಕ್ಯಾಮೆರಾ ಚೀಲದೊಳಗೆ, ಚೀಲ ಬೀರುವಿನೊಳಗೆ. ಜೂನಿನಲ್ಲಿ ಹಿಡಿದ ಮಳೆ ನಮ್ಮ ಕಡೆ ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಪ್ಪಿನ ಭರಣಿ ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ನವರಾತ್ರಿಗೆ ತೆಗೆದು ನೋಡಿದರೆ ಲೆನ್ಸಿನ ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಸಣ್ಣ ಎಳೆಗಳು. ಫಂಗಸ್. ಶುದ್ಧ ನನ್ನದೇ ತಪ್ಪು. ಬೆಂಗಳೂರಿಗೆ ಕಳಿಸಿ ಬಿಚ್ಚಿ ತೊಳೆಸಿದ್ದಕ್ಕೆ 3,500 ರೂಪಾಯಿ. ಆ ಲೆನ್ಸ್ ಒಂದನ್ನೇ ಮಾರಿದರೆ ಐದು ಸಾವಿರ ಬಂದರೆ ಹೆಚ್ಚು, ಅದಕ್ಕೆ ಮೂರೂವರೆ ಸಾವಿರ ಸುರಿದದ್ದು ಲೆಕ್ಕ ಬರೆಯುವವಳಿಗೆ ಶೋಭೆ ತರುವ ಕೆಲಸವಲ್ಲ. ಮೊದಲ ಲೆನ್ಸ್ ಎಂಬ ಮಮತೆ. ಆ ವರ್ಷ ಕ್ಯಾಮೆರಾ ಹೊರಗೆ ಬಂದದ್ದು ನಾಲ್ಕು ದಿನ. ಇಳಿದ ಬೆಲೆ, ಬಡ್ಡಿ, ತೊಳೆಸಿದ್ದು ಎಲ್ಲ ಸೇರಿ ದಿನಕ್ಕೆ ಮೂರೂವರೆ ಸಾವಿರ ಬಿತ್ತು. ಬಾಡಿಗೆಯ ಮೂರು ಪಟ್ಟು.

ಅಮ್ಮ ಅಕ್ಕಿ ಡಬ್ಬದಲ್ಲಿ ಹೂತಿಡು ಎಂದಳು. ಅಕ್ಕಿ ಹಿಟ್ಟಿನ ಧೂಳು ಮಾಡುವ ಅನಾಹುತ ಬೇರೆ, ಬೇಡ ಎಂದೆ. ತೇವ ತೆಗೆಯುವ ವಿದ್ಯುತ್ ಕಪಾಟಿಗೆ ಎಂಟು ಸಾವಿರ ಹೇಳಿದರು. ಕೊನೆಗೆ ರಬ್ಬರ್ ಪಟ್ಟಿಯಿದ್ದು ಗಾಳಿಯಾಡದಂತೆ ಮುಚ್ಚುವ ದೊಡ್ಡ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್, ಒಳಗಿನ ತೇವ ತೋರಿಸುವ ಪುಟ್ಟ ಮೀಟರು, ಎಲ್ಲ ಸೇರಿ ಸಾವಿರದ ಚಿಲ್ಲರೆಯಲ್ಲಿ ಮುಗಿಯಿತು. ಮೀಟರು 40ರಿಂದ 50ರೊಳಗೆ ನಿಂತರೆ ನಿಶ್ಚಿಂತೆ. ನೀಲಿ ಮಣಿಗಳು ಗುಲಾಬಿಗೆ ತಿರುಗಿದರೆ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ಹಾಕುವುದು. ಅಡುಗೆಗೆ ಆ ಬಾಣಲೆ ಮತ್ತೆ ಮುಟ್ಟುವ ಹಾಗಿಲ್ಲ. ಐದು ಮಳೆಗಾಲ ಹೀಗೇ ಕಳೆದಿದೆ, ಎಳೆ ಮರಳಿ ಬಂದಿಲ್ಲ. ಕರಾವಳಿ, ಮಲೆನಾಡಿನವರು ಕ್ಯಾಮೆರಾ ಬಜೆಟ್ಟಿನಲ್ಲಿ ಮೊದಲು ಈ ಸಾವಿರ ಎತ್ತಿಟ್ಟು ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.

2023ರಲ್ಲಿ ನಿಜವಾದ ಪರೀಕ್ಷೆ ಬಂತು. ಎ6700 ಎಂಬ ಹೊಸ ಮಾಡೆಲ್. ಬಾಡಿಯೊಂದಕ್ಕೇ ಒಂದು ಲಕ್ಷ ಮೂವತ್ತು ಸಾವಿರ ದಾಟಿದ ಬೆಲೆ. 24 ಮೆಗಾಪಿಕ್ಸೆಲ್ ಇದ್ದದ್ದು 26 ಆಗಿತ್ತು, ಅದು ದೊಡ್ಡ ಮಾತಲ್ಲ. ನನ್ನ ಆಸೆ ಬೇರೆ ಕಡೆ ಇತ್ತು. ಕೈ ನಡುಗಿದರೂ ಚಿತ್ರ ಅಲುಗದಂತೆ ಹಿಡಿಯುವ ವ್ಯವಸ್ಥೆ ಅದರ ಒಡಲಲ್ಲೇ ಇದೆ, ನನ್ನದರಲ್ಲಿ ಇಲ್ಲ. ನಾನು ಹೆಚ್ಚಾಗಿ ತೆಗೆಯುವುದು ಯಕ್ಷಗಾನ. ರಾತ್ರಿ ಎರಡು ಗಂಟೆಯ ರಂಗಸ್ಥಳದ ಬೆಳಕಿನಲ್ಲಿ ನನ್ನ ಚಿತ್ರಗಳೆಲ್ಲ ಮಸುಕು. ಹೊಸದಿದ್ದರೆ ಸರಿಹೋಗುತ್ತದೆ ಎಂದು ಮೂರು ವಾರ ನನಗೆ ನಾನೇ ಹೇಳಿಕೊಂಡೆ.

ನೋಟ್‌ಬುಕ್ ತೆರೆದಾಗ ಮಂಪರು ಇಳಿಯಿತು. ನನ್ನದಕ್ಕೆ ಬರುವುದು 38 ಸಾವಿರ. ಹೊಸದರ ಬ್ಯಾಟರಿ ಬೇರೆ ಜಾತಿ, ನಾನು ಕೂಡಿಟ್ಟ ಮೂರು ಬ್ಯಾಟರಿ ದಂಡ. ಹೊಸದಕ್ಕೂ ಮೊದಲ ಏಳು ತಿಂಗಳಲ್ಲಿ ನನ್ನದರಂತೆಯೇ ಕಾಲು ಭಾಗ ಬೆಲೆ ಇಳಿದರೆ ಮೂವತ್ತು ಸಾವಿರ ದಾಟುತ್ತದೆ. ಅಷ್ಟರಲ್ಲಿ ಹಳೆಯದನ್ನು ಇನ್ನೂ ಆರು ವರ್ಷ ಸಾಕಬಹುದು. ಅದಕ್ಕಿಂತ ದೊಡ್ಡ ತಪ್ಪು ನನ್ನ ತಿಳಿವಳಿಕೆಯಲ್ಲೇ ಇತ್ತು. ಮಸುಕಾಗುತ್ತಿದ್ದದ್ದು ನನ್ನ ಕೈ ನಡುಗಿ ಅಲ್ಲ, ವೇಷ ಕುಣಿಯುತ್ತಿತ್ತಲ್ಲ, ಅದಕ್ಕೆ! ಕ್ಯಾಮೆರಾ ಅಲುಗದಂತೆ ಹಿಡಿಯುವ ವ್ಯವಸ್ಥೆ ಧೀಂಗಿಣ ಹಾಕುವ ಬಬ್ರುವಾಹನನನ್ನು ಹಿಡಿದು ನಿಲ್ಲಿಸುವುದಿಲ್ಲ. ಅದಕ್ಕೆ ಬೇಕಿದ್ದದ್ದು ಹೆಚ್ಚು ಬೆಳಕು ಒಳಬಿಡುವ ಲೆನ್ಸ್. ಸಿಗ್ಮಾದ 30 ಎಂಎಂ, ಎಫ್ 1.4 ಲೆನ್ಸನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ 17,500ಕ್ಕೆ ತಂದೆ. ಹಳೆ ಲೆನ್ಸಿಗಿಂತ ಸುಮಾರು ಹತ್ತು ಪಟ್ಟು ಬೆಳಕು. ಮುಂದಿನ ಬೇಸಿಗೆಯ ಆಟದಲ್ಲಿ ಮೊದಲ ಬಾರಿ ಕಿರೀಟದ ಮಣಿ ಒಂದೊಂದೂ ಎಣಿಸುವಂತೆ ಬಂತು. ಈ ವರ್ಷ ಅದಕ್ಕೆ ಬೆಲೆ ಕೇಳಿದರೆ 14,500. ಎರಡು ವರ್ಷಕ್ಕೆ ಮೂರು ಸಾವಿರ. ಬಾಡಿ ಬಾಳೆಹಣ್ಣಿನ ಹಾಗೆ, ಲೆನ್ಸ್ ಅಡಿಕೆಯ ಹಾಗೆ, ಇಟ್ಟರೆ ಇರುತ್ತದೆ.

ಇರುತ್ತದೆ ಎಂದೆ, ಆದರೆ ಲೆನ್ಸನ್ನು ಸಿಕ್ಕಿಸುವ ಬಾಯಿ, ಅಂದರೆ ಮೌಂಟ್, ಬದುಕಿದ್ದರೆ. ಬಹಳ ಕಾಲ ಇಟ್ಟುಕೊಳ್ಳುವ ಆಸೆ ಇರುವವರು ಕೊಳ್ಳುವಾಗಲೇ ನೋಡಬೇಕಾದ್ದು ಇದು. ಜಗತ್ತಿನಲ್ಲಿ 2010ರಲ್ಲಿ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾ ಕಾರ್ಖಾನೆಯಿಂದ ಹೊರಬಿದ್ದವು, 2020ರಲ್ಲಿ 90 ಲಕ್ಷಕ್ಕಿಂತ ಕಡಿಮೆ. ನಡುವೆ ಫೋನು ಬಂತು. ಮಾರುಕಟ್ಟೆ ಹೀಗೆ ಸೊರಗಿದಾಗ ಕಂಪನಿಗಳು ಮೊದಲು ಕೈಬಿಡುವುದು ಚಿಕ್ಕ ಮೌಂಟುಗಳನ್ನು. ನಿಕಾನ್ 1 ಎಂಬ ಪುಟ್ಟ ಸರಣಿ 2011ರಲ್ಲಿ ಹುಟ್ಟಿ 2018ರಲ್ಲಿ ನಿಂತಿತು. ಕ್ಯಾನನ್‌ನ ಇಒಎಸ್ ಎಂ ಸರಣಿ 2012ರಿಂದ 2023ರವರೆಗೆ ಬಾಳಿತು, ಅದರ ಲೆನ್ಸುಗಳು ಅದೇ ಕಂಪನಿಯ ಹೊಸ ಆರ್‌ಎಫ್ ಬಾಡಿಗೆ ಕೂರುವುದಿಲ್ಲ. ಕ್ಯಾಮೆರಾಗಳು ಕೆಟ್ಟವಲ್ಲ, ಇವತ್ತಿಗೂ ಚೆನ್ನಾಗಿ ಚಿತ್ರ ತೆಗೆಯುತ್ತವೆ, ಅಗ್ಗವಾಗಿ ಸಿಕ್ಕರೆ ಕೊಳ್ಳಲೂಬಹುದು. ಆದರೆ ಅವಕ್ಕೆ ಹೊಸ ಲೆನ್ಸ್ ಕೂಡಿಸುತ್ತಾ ಹೋಗುವುದು ಬಾಡಿಗೆ ಮನೆಗೆ ಗ್ರಾನೈಟ್ ಹಾಕಿಸಿದ ಹಾಗೆ. ನನ್ನದರ ಇ-ಮೌಂಟ್ 2010ರಿಂದ ನಡೆದುಬಂದಿದೆ. ಇದನ್ನು ನಾನು ಮುಂದಾಲೋಚನೆಯಿಂದ ಆರಿಸಿದ್ದಲ್ಲ, ಅಂಗಡಿಯಲ್ಲಿ ಆ ದಿನ ಅದೇ ಇತ್ತು.

ಉಲ್ಟಾ ಕಥೆಯೂ ಒಂದಿದೆ. 2020ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್100ವಿ ಎಂಬ ಪುಟ್ಟ ಕ್ಯಾಮೆರಾಗೆ ಎರಡು ವರ್ಷವಾದ ಮೇಲೆ ಸೋಷಿಯಲ್ ಮೀಡಿಯಾದಲ್ಲಿ ಹುಚ್ಚು ಹತ್ತಿ, ಹೊಸ ಮಾಲು ಸಿಗದೆ, ಹಳೆಯದು ಹೊಸದರ ಬೆಲೆಗಿಂತ ಹೆಚ್ಚಿಗೆ ಹೋಯಿತು. ಅದನ್ನು ನೋಡಿ ಕ್ಯಾಮೆರಾನೂ ಹೂಡಿಕೆ ಎಂದು ಹೊರಟವರಿಗೆ ನನ್ನ ನಮಸ್ಕಾರ. 2024ರಲ್ಲಿ ಅದರ ಮುಂದಿನ ಮಾಡೆಲ್ ಎಕ್ಸ್100ಸಿಕ್ಸ್ ಬಂತು. ಇಂಥದ್ದನ್ನು ನಂಬಿ ದುಡ್ಡು ಹಾಕುವುದು ಓಸಿ ಆಡಿದಂತೆ.

‘ಫೋನಿನಲ್ಲೇ ಬರುತ್ತಲ್ಲ?’ ಎನ್ನುವುದು ಯಜಮಾನರ ಖಾಯಂ ಮಾತು. ಬರುತ್ತದೆ. ಹಗಲಿನ ಚಿತ್ರ, ವಾಟ್ಸಾಪಿಗೆ ಸಾಕಾಗುವ ಚಿತ್ರ, ಚೆನ್ನಾಗೇ ಬರುತ್ತದೆ. ಅವರಿಗೆ ನಾನು ಹೇಳುವುದು ಸಂಡೂರಿನ ಎಂ.ವೈ. ಘೋರ್ಪಡೆಯವರ ಹೆಸರನ್ನು. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು, ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೂ ಹೆಸರಾದವರು. ರಾಜ್ಯದ ಬಜೆಟ್ ಬರೆದವರೇ ಕ್ಯಾಮೆರಾ ಹೊತ್ತು ಕಾಡಿಗೆ ಹೋದಮೇಲೆ ಸೊಸೈಟಿಯ ಗುಮಾಸ್ತೆ ಹೋಗಬಾರದೇ? ಇದು ವಾದವಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. 2024ರಲ್ಲಿ ಕ್ಯಾಮೆರಾ ಹೊರಗೆ ಬಂದದ್ದು 31 ದಿನ. ದಿನಕ್ಕೆ ಸುಮಾರು ಇನ್ನೂರ ನಲವತ್ತು ರೂಪಾಯಿ ಬಿತ್ತು. ವಾದ ಬೇಕಾದರೆ ಅದು.

ಈ ಸಲ ಪೂಜೆಗೆ ಅಣ್ಣನ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಓದುತ್ತಾಳೆ, ವಿಡಿಯೊ ಮಾಡುವ ಗೀಳು. ‘ಅತ್ತೆ, ಅದನ್ನ ನಂಗೆ ಮಾರಿಬಿಡು, ನೀನು ಹೊಸದು ತಗೋ’ ಎಂದಳು. ಎಷ್ಟಕ್ಕೆ ಎಂದರೆ, ‘ಮನೆಯವರಿಗೆ ಎಷ್ಟಕ್ಕೆ ಕೊಡ್ತೀಯ ಹೇಳು’ ಅಂತ ನಕ್ಕಳು. ಅಂಗಡಿಯವನು 29 ಹೇಳಿದ್ದಾನೆ. ಅವಳಿಂದ ಅಷ್ಟು ಕೇಳಲು ಬಾಯಿ ಬರುವುದಿಲ್ಲ, ಬಿಟ್ಟು ಕೊಡಲು ನೋಟ್‌ಬುಕ್ ಬಿಡುವುದಿಲ್ಲ. ಮಾರುವುದಿಲ್ಲ, ಒಂದು ವಾರಕ್ಕೆ ಒಯ್ಯಿ ಎಂದೆ. ಹಂಪಿಗೆ ಒಯ್ದಳು. ತಿರುಗಿ ಬಂದಾಗ ಚೀಲ ಬಿಚ್ಚಿ ಎಣಿಸಿದೆ: ಬಾಡಿ ಒಂದು, ಲೆನ್ಸ್ ಎರಡು, ಬ್ಯಾಟರಿ ಎರಡು. ಮೂರು ಇರಬೇಕಿತ್ತು. ಹೊಸಪೇಟೆಯ ಲಾಡ್ಜಿನಲ್ಲಿ ಚಾರ್ಜಿಗೆ ಹಾಕಿ ಮರೆತು ಬಂದಿದ್ದಾಳಂತೆ. ನೋಟ್‌ಬುಕ್ಕಿನಲ್ಲಿ 29,000ದ ಕೆಳಗೆ ಇನ್ನೊಂದು ಸಾಲು ಬರೆದಿದ್ದೇನೆ: ಬ್ಯಾಟರಿ 1, ಅಣ್ಣನಿಂದ ಬರಬೇಕು.