ಅಗಿಗೆ ಮನೆಯಲ್ಲೇ ಕಟ್ಟುವ ಎಲ್‌ಇಡಿ ದೀಪ

ಸೋಯಾ ಮಾಗುವ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ರಸ್ತೆಬದಿಯ ಹೊಲಗಳನ್ನು ಸ್ವಲ್ಪ ನಿಂತು ನೋಡಬೇಕು. ಇಡೀ ಹೊಲ ಹಳದಿಗೆ ತಿರುಗಿ ಎಲೆ ಉದುರಿಸುತ್ತಿದ್ದರೂ, ರಾತ್ರಿಯಿಡೀ ಬೀದಿದೀಪದ ಬೆಳಕು ಬೀಳುವ ಸಾಲುಗಳು ಹಸಿರಾಗಿಯೇ ಉಳಿದಿರುತ್ತವೆ. ಬೀಜ, ಗೊಬ್ಬರ, ಮಳೆ ಎಲ್ಲಕ್ಕೂ ಒಂದೇ. ಬೇರೆಯಾದದ್ದು ರಾತ್ರಿಯ ಬೆಳಕು ಮಾತ್ರ. ಸೋಯಾ ದಟ್ಟವಾಗಿ ಬೆಳೆಯುವ ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲೂ ಸಂಶೋಧಕರು ರಸ್ತೆದೀಪದ ಪಕ್ಕದ ಬೆಳೆ ಹೀಗೆ ತಡವಾಗಿ ಮಾಗುವುದನ್ನು ಗುರುತಿಸಿದ್ದಾರೆ.

ಗಿಡ ಬೆಳಕನ್ನು ಎರಡು ಬಗೆಯಲ್ಲಿ ಬಳಸಿಕೊಳ್ಳುತ್ತದೆ. ಒಂದು ಊಟಕ್ಕೆ, ಇನ್ನೊಂದು ಪಂಚಾಂಗಕ್ಕೆ. ಊಟಕ್ಕೆ ರಾಶಿ ಬೆಳಕು ಬೇಕು. ಇರುಳಿನ ಉದ್ದ ಅಳೆದು ಹೂ ಬಿಡುವ ಕಾಲ ಗೊತ್ತುಮಾಡಿಕೊಳ್ಳಲು ಚಿಟಿಕೆಯಷ್ಟು ಸಾಕು. ಎಲ್‌ಇಡಿ ದೀಪ ಕಟ್ಟಲು ಹೊರಟ ರೈತ ತನ್ನ ಕೆಲಸ ಇವೆರಡರಲ್ಲಿ ಯಾವುದು ಎಂದು ಮೊದಲು ತೀರ್ಮಾನಿಸದಿದ್ದರೆ ದುಡ್ಡೂ ಹೋಗುತ್ತದೆ, ಕರೆಂಟೂ ಹೋಗುತ್ತದೆ.

ಈ ಪಂಚಾಂಗದ ಗುಟ್ಟು ಬಯಲಾದದ್ದು ನಿಪ್ಪಾಣಿಯವರಿಗೆ ಚಿರಪರಿಚಿತವಾದ ಬೆಳೆಯಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ವಿಜ್ಞಾನಿಗಳ ಬಳಿ ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕಿನ ತಳಿಯಿತ್ತು. ಬೇಸಿಗೆಯಲ್ಲಿ ಅದು ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನಮನೆಯೊಳಗೆ ಚಿಕ್ಕ ಗಿಡವಿದ್ದಾಗಲೇ ಹೂವಾಗುತ್ತಿತ್ತು. ಉಷ್ಣತೆ, ಗೊಬ್ಬರ, ನೀರು ಎಲ್ಲವನ್ನೂ ಬದಲಿಸಿ ನೋಡಿದ ಮೇಲೆ ಅವರು ಗಿಡವನ್ನು ದಿನದ ಒಂದಷ್ಟು ಹೊತ್ತು ಕತ್ತಲಲ್ಲಿಟ್ಟರು. ಹೂ ಬಂತು. ಹಗಲಿರುಳಿನ ಉದ್ದವೇ ಹೂವನ್ನು ಆಳುತ್ತದೆ ಎಂದು ಅವರು ಪ್ರಕಟಿಸಿದ್ದು 1920ರಲ್ಲಿ.

ಇನ್ನು ಊಟದ ಲೆಕ್ಕ. ರಾಯಬಾಗ, ಅಥಣಿಯ ಬಯಲಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೋಡ ದಟ್ಟವಾಗಿ ಕವಿದ ದಿನವೂ ಹೊರಗೆ 10ರಿಂದ 20 ಸಾವಿರ ಲಕ್ಸ್ ಇರುತ್ತದೆ. ಮನೆಯಲ್ಲಿ ಕಟ್ಟುವ ಒಳ್ಳೆಯ ದೀಪದಿಂದ, ಅದೂ ಒಂದು ಗೇಣು ಕೆಳಗೆ, ಸಿಗುವುದು ಹತ್ತು-ಹನ್ನೆರಡು ಸಾವಿರ ಲಕ್ಸ್. ಬಿಸಿಲು ಬೀಳುವ ಜಾಗದಲ್ಲಿ ದೀಪ ಹಚ್ಚಿ ಇಳುವರಿ ಹೆಚ್ಚಿಸುತ್ತೇವೆ ಎನ್ನುವ ಮಾರಾಟಗಾರರ ಮಾತಿಗೆ ಈ ಮೂರು ಅಂಕಿಗಳೇ ಉತ್ತರ.

ಆಷಾಢ, ಶ್ರಾವಣದ ಮಳೆಯಲ್ಲಿ ನಿಪ್ಪಾಣಿ ಕಡೆಯ ನರ್ಸರಿಗಳಲ್ಲಿ ಟೊಮೆಟೊ, ಮೆಣಸಿನಕಾಯಿ ಅಗಿ ಬೆಳಕಿಲ್ಲದೆ ಸೊರಗಿ ಉದ್ದವಾಗುವುದುಂಟು. ಅಲ್ಲಿಗೂ ಮೊದಲ ಮದ್ದು ದೀಪವಲ್ಲ. ಬೇಸಿಗೆಯಲ್ಲಿ ಕಟ್ಟಿದ ಶೇ. 50ರ ನೆರಳುಪರದೆ ಮಳೆಗಾಲದಲ್ಲೂ ಹಾಗೇ ಇರುತ್ತದೆ. ಮೊದಲೇ ಕಡಿಮೆಯಿದ್ದ ಬೆಳಕನ್ನು ಅದು ಅರ್ಧ ಮಾಡುತ್ತದೆ. ಪರದೆ ಸರಿಸಿ, ಪಾಚಿ ಕಟ್ಟಿದ ಪ್ಲಾಸ್ಟಿಕ್ ತೊಳೆದರೆ ಬಿಟ್ಟಿಯಾಗಿ ಸಿಗುವ ಬೆಳಕನ್ನು ಯಾವ ಎಲ್‌ಇಡಿಯೂ ಕೊಡದು. ಕೃಷ್ಣೆಯ ದಂಡೆಯ ಕಬ್ಬಿನ ರೋಪದ ನರ್ಸರಿಗಳ ಕಥೆ ಇನ್ನೊಂದು ಥರ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಕೊರತೆಯಾಗುವುದು ಬೆಳಕಲ್ಲ, ಬಿಸುಪು. ಕಣ್ಣು ಚೆನ್ನಾಗಿ ಒಡೆಯಲು 27ರಿಂದ 33 ಡಿಗ್ರಿ ಬೇಕು; ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪಾಲಿಥಿನ್ ಹೊದಿಸಿ ಕಾವು ಹಿಡಿಯುವ ರೂಢಿ ಬಂದದ್ದು ಅದಕ್ಕೇ.

ಹಾಗಾದರೆ ದೀಪ ಎಲ್ಲಿಗೆ? ಬಿಸಿಲು ಬಾರದ ಕೋಣೆಗೆ. ಅಂಗಾಂಶ ಕೃಷಿಯ ಬಾಳೆಸಸಿ ತಯಾರಿಸುವ ಪ್ರಯೋಗಾಲಯಗಳು ಎಷ್ಟೋ ವರ್ಷಗಳಿಂದ ಮಾಡುತ್ತಿರುವುದು ಇದನ್ನೇ: ಕಪಾಟಿನ ಅಂತಸ್ತುಗಳಿಗೆ ಟ್ಯೂಬ್‌ಲೈಟ್ ಕಟ್ಟಿ ದಿನಕ್ಕೆ 16 ಗಂಟೆ ಉರಿಸುವುದು. ಬೀಜ ದುಬಾರಿಯಾದ ದೊಣ್ಣೆಮೆಣಸು, ಮಳೆಗೆ ಸಿಕ್ಕರೆ ಕೊಳೆಯುವ ಎಳೆ ಅಗಿ, ಕಸಿ ಮಾಡಿದ ತರಕಾರಿ ಸಸಿ, ಮನೆಯೊಳಗೆ ಬೆಳೆಯುವ ಮೈಕ್ರೋಗ್ರೀನ್ ಸೊಪ್ಪು ಇವಕ್ಕೆಲ್ಲ ಈ ಕಪಾಟು ಒಗ್ಗುತ್ತದೆ. ಬದನೆಯ ಬುಡಕ್ಕೆ ಟೊಮೆಟೊ ಕಸಿ ಕಟ್ಟಿದರೆ ಮೊದಲ ಮೂರ್ನಾಲ್ಕು ದಿನ ಮಂದ ಬೆಳಕು, ಹೆಚ್ಚು ತೇವ, ಹದವಾದ ಬಿಸುಪು ಬೇಕು. ಬಯಲಲ್ಲಿ ಇವು ಮೂರೂ ಒಟ್ಟಿಗೆ ಸಿಗುವುದು ಕಷ್ಟ, ಕೋಣೆಯಲ್ಲಿ ಸುಲಭ.

ಕಟ್ಟುವ ಕೆಲಸಕ್ಕೆ ಬರೋಣ. ಹೊಸಬರಿಗೆ ಬೆಸುಗೆ ಹಾಕುವ ಗೋಜೇ ಇಲ್ಲದ ದಾರಿಯೆಂದರೆ ಮನೆಗೆ ಹಾಕುವ ನಾಲ್ಕು ಅಡಿಯ 20 ವ್ಯಾಟ್ ಎಲ್‌ಇಡಿ ಪಟ್ಟಿದೀಪ. ಚಿಕ್ಕೋಡಿಯ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಇಳಿಸಿ ಕೊಡುವ ಡ್ರೈವರ್ ಅದರೊಳಗೇ ಇರುತ್ತದೆ, ಗ್ಯಾರಂಟಿಯೂ ಇರುತ್ತದೆ. ಡಬ್ಬದ ಮೇಲೆ ನೋಡಬೇಕಾದದ್ದು ವ್ಯಾಟನ್ನಲ್ಲ, ಲ್ಯುಮೆನ್ ಎಷ್ಟೆಂದು. 20 ವ್ಯಾಟಿಗೆ 2000 ಲ್ಯುಮೆನ್‌ಗೆ ಕಡಿಮೆಯಿರಬಾರದು. ಬಣ್ಣ 6500 ಕೆಲ್ವಿನ್, ಅಂದರೆ ತಂಪು ಬಿಳಿ. ಅದರಲ್ಲಿ ನೀಲಿ ಅಂಶ ಹೆಚ್ಚಿರುವುದರಿಂದ ಅಗಿ ಗಿಡ್ಡವಾಗಿ, ಗಟ್ಟಿಯಾಗಿ ಬರುತ್ತದೆ.

ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಅಂತಸ್ತಿಗೆ ಇಂಥ ಆರು ಪಟ್ಟಿ ಬೇಕು. ಒಟ್ಟು 12,000 ಲ್ಯುಮೆನ್, ಶೇ. 70ರಷ್ಟು ಟ್ರೇಗಳ ಮೇಲೆ ಬಿದ್ದರೆ ಸುಮಾರು 11,300 ಲಕ್ಸ್. ವಿಜ್ಞಾನಿಗಳು ಗಿಡದ ಬೆಳಕನ್ನು ಅಳೆಯುವುದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಎಂದು. ಬಿಳಿ ಎಲ್‌ಇಡಿಗೆ ಲಕ್ಸನ್ನು 70ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಆ ಅಂಕಿ ಸಿಗುತ್ತದೆ: ಇಲ್ಲಿ 161. ದಿನಕ್ಕೆ 16 ಗಂಟೆ ಉರಿದರೆ ಒಟ್ಟು 9.3 ಮೋಲ್ ಆಗುತ್ತದೆ, ತರಕಾರಿ ಅಗಿಗೆ ಬೇಕಾದಷ್ಟಕ್ಕೆ ಹತ್ತಿರ. ನಾಲ್ಕೇ ಪಟ್ಟಿ ಹಾಕಿದರೆ ಸೊಪ್ಪಿಗೆ ಸಾಕು, ದೊಣ್ಣೆಮೆಣಸಿಗೆ ಸಾಲದು.

ಕಪಾಟನ್ನು ಕಬ್ಬಿಣದ ತೂತುಪಟ್ಟಿಯಿಂದ ಜೋಡಿಸಬಹುದು. ಪಟ್ಟಿದೀಪಗಳನ್ನು ಒಂದು ತೆಳು ಹಲಗೆಗೆ ಸಮಾನ ಅಂತರದಲ್ಲಿ ತಿರುಪಿನಿಂದ ಬಿಗಿದು, ಹಲಗೆಯನ್ನು ನಾಲ್ಕು ಸರಪಳಿಗಳಿಂದ ತೂಗುಹಾಕಬೇಕು. ಅಗಿ ಬೆಳೆದಂತೆ ಕೊಂಡಿ ಬದಲಿಸಿ ಮೇಲೇರಿಸಲು ಸರಪಳಿಯೇ ಅನುಕೂಲ. ಹಲಗೆಯ ಅಡಿಗೂ ಕಪಾಟಿನ ಮೂರು ಬದಿಗೂ ಬಿಳಿ ಬಣ್ಣ ಬಳಿದರೆ ಚದುರುವ ಬೆಳಕು ಒಳಗೇ ಉಳಿಯುತ್ತದೆ. ಸುಕ್ಕುಗಟ್ಟಿದ ಬೆಳ್ಳಿಹಾಳೆಗಿಂತ ಸಾದಾ ಬಿಳಿ ಬಣ್ಣವೇ ಮೇಲು.

ತಂತಿಯ ಕೆಲಸದಲ್ಲಿ ಜಿಪುಣತನ ಸಲ್ಲದು. ಅಗಿಗೆ ನೀರು ಹಾಕುವ ಜಾಗವದು, ಕೈ ಒದ್ದೆ, ಕಪಾಟು ಕಬ್ಬಿಣದ್ದು. 6 ಆಂಪಿಯರ್ ಎಂಸಿಬಿ, ಕರೆಂಟು ಸೋರಿದೊಡನೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಕಪಾಟಿಗೆ ಅರ್ಥಿಂಗ್ ಈ ಮೂರೂ ಇರಲೇಬೇಕು. ಇವನ್ನು ಪರವಾನಗಿ ಇರುವ ವೈರ್‌ಮನ್ ಕೈಯಿಂದ ಹಾಕಿಸುವುದೇ ಸರಿ. ಪ್ಲಗ್ ಮತ್ತು ಟೈಮರ್ ಟ್ರೇಗಿಂತ ಎತ್ತರದಲ್ಲಿರಬೇಕು. ತಂತಿ ಪ್ಲಗ್ಗಿಗೆ ಬರುವ ಮೊದಲು ಕೆಳಗಿಳಿದು ಮೇಲೇರಿದರೆ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪಂಪ್‌ಸೆಟ್‌ಗೆಂದು ಕೊಟ್ಟ ಸಂಪರ್ಕದಿಂದ ದೀಪಕ್ಕೆ ಕರೆಂಟು ಎಳೆಯುವ ಆಸೆ ಬೇಡ. ತೋಟದ ಮನೆಯಲ್ಲಿ ಕಪಾಟು ಇಡುವವರು ಹೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ಆನ್‌ಲೈನಿನಲ್ಲಿ ನೇರಳೆ ಬೆಳಕಿನ ‘ಗ್ರೋ ಲೈಟ್’ಗಳು ಕಣ್ಸೆಳೆಯುತ್ತವೆ. ಎಲೆ ಕೆಂಪು, ನೀಲಿಯನ್ನು ಹೆಚ್ಚು ಹೀರುತ್ತದೆ ಎಂಬುದು ನಿಜ, ಆದ್ದರಿಂದ ಮೊದಮೊದಲ ದೀಪಗಳು ಈ ಎರಡು ಬಣ್ಣಗಳಲ್ಲೇ ಬಂದವು. ಆದರೆ ಹಸಿರು ಬೆಳಕು ಎಲೆಯ ಒಳಪದರಕ್ಕೆ ಇಳಿದು ಅದೂ ಕೆಲಸಕ್ಕೆ ಬರುತ್ತದೆ. ಇವತ್ತಿನ ಬಿಳಿ ಎಲ್‌ಇಡಿಯಲ್ಲಿ ಆ ಹಸಿರೂ ಇದೆ, ಏಕೆಂದರೆ ಅದು ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಬಳಿದದ್ದು. ಆ ನೀಲಿ ಎಲ್‌ಇಡಿಗಾಗಿ ಜಪಾನಿನಲ್ಲಿ ಹುಟ್ಟಿದ ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೇರಳೆ ದೀಪದಡಿ ಇನ್ನೊಂದು ತೊಂದರೆಯಿದೆ: ಎಲೆ ಹಳದಿಯಾಗಿದೆಯೋ, ಚುಕ್ಕೆ ಬಿದ್ದಿದೆಯೋ ಕಣ್ಣಿಗೆ ಕಾಣುವುದೇ ಇಲ್ಲ. ಅಗಿ ಬೆಳೆಸುವವನಿಗೆ ಅದೊಂದೇ ಸಾಕು, ಬೇಡವೆನ್ನಲು.

ಅದಕ್ಕಿಂತ ಅಪಾಯದ್ದು 230 ವೋಲ್ಟಿಗೆ ನೇರ ಜೋಡಿಸುವ 50 ವ್ಯಾಟಿನ ಎಲ್‌ಇಡಿ ಬಿಲ್ಲೆ. ಡ್ರೈವರ್ ಬೇಡ, ಅಗ್ಗ ಎಂದು ಮಾರುತ್ತಾರೆ. ಅದರ ಬೆಸುಗೆಯ ಚುಕ್ಕೆಗಳಲ್ಲಿ ಮನೆಯ ಕರೆಂಟೇ ತೆರೆದು ನಿಂತಿರುತ್ತದೆ. ಒದ್ದೆ ಕೈಯ ಜಾಗಕ್ಕೆ ಅದು ಬರಲೇಬಾರದು.

ಬೆಸುಗೆ ಕಲಿತವರು ಎರಡನೆಯ ಹಂತಕ್ಕೆ ಹೋಗಬಹುದು. 1 ವ್ಯಾಟಿನ ಹತ್ತು ಬಿಳಿ ಎಲ್‌ಇಡಿಗಳನ್ನು ಒಂದರ ಹಿಂದೊಂದು ಜೋಡಿಸಿದರೆ ಒಟ್ಟು ಸುಮಾರು 30 ವೋಲ್ಟ್ ಬೇಕಾಗುತ್ತದೆ. ಅದಕ್ಕೆ 300 ಮಿಲಿಆಂಪಿಯರ್‌ನ ಸ್ಥಿರ ಕರೆಂಟಿನ ಡ್ರೈವರ್ ಸಿಗುತ್ತದೆ. ಒಳಗಿನ ಕರೆಂಟನ್ನು ಹೊರಗಿನಿಂದ ಪ್ರತ್ಯೇಕಿಸಿದ ಡ್ರೈವರನ್ನೇ ಕೇಳಿ ಪಡೆಯಬೇಕು. ಎಲ್‌ಇಡಿಯ ಆಯುಷ್ಯ ಕಾವಿನ ಮೇಲೆ ನಿಂತಿದೆ. ಕಿಟಕಿ ಮಾಡುವ ಅಂಗಡಿಗಳಲ್ಲಿ ಉಳಿದ ಅಲ್ಯುಮಿನಿಯಂ ಸೆಕ್ಷನ್ ತುಂಡಿನ ಮೇಲೆ ಶಾಖ ಸಾಗಿಸುವ ಪೇಸ್ಟ್ ಹಚ್ಚಿ ಕೂರಿಸಿದರೆ ಸಾಕು. ಅರ್ಧ ಗಂಟೆ ಉರಿದ ಮೇಲೆ, ಪ್ಲಗ್ ಕಿತ್ತು, ಲೋಹದ ಮೇಲೆ ಬೆರಳು ಇಡಲು ಆಗದಿದ್ದರೆ ಅಲ್ಯುಮಿನಿಯಂ ಸಾಲದು ಎಂದರ್ಥ. ಆದರೆ ಒಂದು ಅಂತಸ್ತಿಗೆ ಇಂಥ ಹತ್ತು-ಹನ್ನೆರಡು ಸರಣಿ ಬೇಕು. ಉಳಿತಾಯಕ್ಕಾಗಿ ಈ ದಾರಿ ಹಿಡಿಯುವುದರಲ್ಲಿ ಅರ್ಥವಿಲ್ಲ, ಕಲಿಯುವ ಹುಮ್ಮಸ್ಸಿಗೆ ಹಿಡಿಯಬಹುದು.

ಖರ್ಚಿನ ಲೆಕ್ಕ ಹೀಗೆ. 120 ವ್ಯಾಟ್, 16 ಗಂಟೆ: ದಿನಕ್ಕೆ 1.92 ಯೂನಿಟ್, 25 ದಿನಕ್ಕೆ 48 ಯೂನಿಟ್. ಆ ಅಂತಸ್ತಿನಲ್ಲಿ 98 ಗುಳಿಯ ನಾಲ್ಕು ಟ್ರೇ ಕೂರುತ್ತವೆ, 392 ಅಗಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ಒಂದು ಅಗಿಗೆ ಕರೆಂಟಿನ ಖರ್ಚೇ ಒಂದು ರೂಪಾಯಿಯ ಹತ್ತಿರ. ಸಾದಾ ಟೊಮೆಟೊ ಅಗಿಗೆ ಇದು ಗಿಟ್ಟುವ ಮಾತಲ್ಲ, ನರ್ಸರಿಯಿಂದ ತರುವುದೇ ವಾಸಿ. ಪಾಲಿಹೌಸಿನ ದೊಣ್ಣೆಮೆಣಸಿಗೆ ಎಕರೆಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟು ಅಗಿ ಬೇಕಾಗುವುದರಿಂದ ಒಂದು ಕಪಾಟು ಅದಕ್ಕೂ ಸಾಲದು. ಸತ್ತ ಅಗಿಯ ಜಾಗ ತುಂಬಲು, ಹೊಸ ತಳಿ ಪರೀಕ್ಷಿಸಲು, ಕಸಿಗೆ, ಸೊಪ್ಪಿಗೆ, ಬಚ್ಚಲ ಹಿಂದಿನ ಕೈತೋಟಕ್ಕೆ ಅದು ಸರಿ.

ಬಿತ್ತಿದ ಟ್ರೇಗೆ ಮೊಳಕೆ ಬರುವವರೆಗೆ ದೀಪ ಬೇಡ. ಮೊದಲ ಕುತ್ತಿಗೆಗಳು ಮಣ್ಣು ಸೀಳಿದ ದಿನವೇ ಬೆಳಕಿನಡಿ ತರಬೇಕು. ಒಂದು ದಿನ ತಡವಾದರೂ ಅಗಿ ಎಳೆದುಕೊಂಡು ಉದ್ದವಾಗುತ್ತದೆ, ಆಮೇಲೆ ಗಿಡ್ಡವಾಗುವುದಿಲ್ಲ. ದೀಪ ಒಂದು ಗೇಣು ಮೇಲಿರಲಿ. ಅಗಿ ಸೊರಗಿ ಉದ್ದವಾದರೆ ಇಳಿಸುವುದು, ಎಲೆ ಬಿಳಿಚಿ ಮುದುಡಿದರೆ ಏರಿಸುವುದು. ಮೊಬೈಲಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲ, ಆದರೂ ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು ಎಂದು ಹೋಲಿಸಲು ಸಾಕು. ಮೂಲೆಯ ಟ್ರೇಗಳನ್ನು ಎರಡು ದಿನಕ್ಕೊಮ್ಮೆ ನಡುವಿಗೆ ತರಬೇಕು. ಬುಡ ಕೊಳೆಯದಂತೆ ನೀರನ್ನು ಟ್ರೇಯ ಅಡಿಯಿಂದ ಕುಡಿಸಿ, ಚಿಕ್ಕ ಫ್ಯಾನ್ ತಿರುಗಿಸಬೇಕು. ಬೇಸಿಗೆಯಲ್ಲಿ 120 ವ್ಯಾಟಿನ ಕಾವೂ ಕೋಣೆಗೆ ಹೊರೆ. ಆಗ ದೀಪವನ್ನು ಸಂಜೆ ಆರರಿಂದ ಬೆಳಿಗ್ಗೆ ಹತ್ತರವರೆಗೆ ಉರಿಸಿದರಾಯಿತು. ಅಗಿಗೆ ಅದೇ ಹಗಲು.

ಇನ್ನು ಪಂಚಾಂಗದ ದೀಪ. ಈ ಸೀಮೆಯಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 13 ಗಂಟೆ, ಡಿಸೆಂಬರಿನಲ್ಲಿ 11 ಗಂಟೆಯ ಆಸುಪಾಸು. ಸೇವಂತಿಗೆಗೆ ಹದಿಮೂರೂವರೆ ಗಂಟೆಗಿಂತ ಕಡಿಮೆ ಹಗಲಿದ್ದರೆ ಮೊಗ್ಗು ಕಟ್ಟುವ ಮನಸ್ಸು. ಅಂದರೆ ಪಾಲಿಹೌಸಿನಲ್ಲಿ ಉದ್ದ ಕಾಂಡದ ಸೇವಂತಿಗೆ ಬೆಳೆಯುವವರು ಮೊದಲ ನಾಲ್ಕು ವಾರ ಅದನ್ನು ತಡೆಯಲೇಬೇಕು. ರಾತ್ರಿ ಹತ್ತರಿಂದ ಎರಡರವರೆಗೆ 100 ಲಕ್ಸ್ ಬೆಳಕು ಬಿದ್ದರೆ ಗಿಡ ಇರುಳು ಚಿಕ್ಕದಾಯಿತೆಂದು ಭಾವಿಸಿ ಕಾಂಡವನ್ನೇ ಬೆಳೆಸುತ್ತದೆ. ಒಂದು ಗುಂಟೆಗೆ 10 ವ್ಯಾಟಿನ 20 ಬಲ್ಬು, ರಾತ್ರಿಗೆ 0.8 ಯೂನಿಟ್, ನಾಲ್ಕು ವಾರಕ್ಕೆ 22 ಯೂನಿಟ್. ಅಗಿಯ ಕಪಾಟಿಗಿಂತ ಇದೇ ಲಾಭದ ದೀಪ. ಲೋಡ್ ಶೆಡ್ಡಿಂಗ್‌ನಿಂದ ಸಾಲಾಗಿ ಕೆಲವು ರಾತ್ರಿ ತಪ್ಪಿದರೆ ಮೊಗ್ಗು ಬಂದುಬಿಡುತ್ತದೆ, ಆದ್ದರಿಂದ ಇಲ್ಲಿ ಬ್ಯಾಟರಿಯ ಆಸರೆ ಬೇಕು. ಹಬ್ಬಕ್ಕೆ ಬಿಡಿಹೂ ಮಾರುವವರಿಗೆ ಈ ಯಾವ ಖಟಪಟಿಯೂ ಬೇಡ.

ಅಥಣಿ, ಕಾಗವಾಡಕ್ಕೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ಒಣಭೂಮಿಯಲ್ಲಿ ಹಬ್ಬಿರುವ ಡ್ರ್ಯಾಗನ್ ಫ್ರೂಟ್ ಇದಕ್ಕೆ ತಿರುಗುಮುರುಗು: ಹಗಲು ಉದ್ದವಾದರೆ ಹೂ. ವಿಯೆಟ್ನಾಮಿನ ಬಿನ್ ಥುವಾನ್‌ನಲ್ಲಿ ಚಳಿಗಾಲದ ರಾತ್ರಿ ತೋಟಗಳಿಗೆ ಸಾಲುದೀಪ ಹಚ್ಚಿ ಅಕಾಲದ ಹಣ್ಣು ತೆಗೆಯುತ್ತಾರೆ. ನಮ್ಮಲ್ಲಿ ಅದಕ್ಕಿಳಿಯುವವರು ಮೊದಲು ನಾಲ್ಕಾರು ಕಂಬಕ್ಕೆ ಕಟ್ಟಿ ನೋಡುವುದು ಲೇಸು. ಸಲಹೆಗೆ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ, ತುಕ್ಕಾನಟ್ಟಿ ಮತ್ತು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಕಪಾಟಿನ ಅಗಿಯನ್ನು ನೇರ ಹೊಲಕ್ಕೆ ಒಯ್ಯುವಂತಿಲ್ಲ. 11 ಸಾವಿರ ಲಕ್ಸಿಗೆ ಒಗ್ಗಿದ ಎಲೆ 1 ಲಕ್ಷ ಲಕ್ಸಿನಲ್ಲಿ ಒಂದೇ ಮಧ್ಯಾಹ್ನಕ್ಕೆ ಸುಡುತ್ತದೆ. ಮೊದಲೆರಡು ದಿನ ಮರದ ನೆರಳು, ಆಮೇಲೆ ಎರಡು ದಿನ ಬೆಳಗಿನ ಬಿಸಿಲು, ಮತ್ತೆರಡು ದಿನ ಇಡೀ ಬಿಸಿಲು, ನೀರು ಸ್ವಲ್ಪ ಕಡಿಮೆ. ಏಳನೆಯ ದಿನ ಸಂಜೆ ನಾಟಿ.