ಮನೆಯಲ್ಲಿ ಧ್ವನಿಮುದ್ರಣ: ಷೋಕಿಗಳೂ ಭೌತನಿಯಮಗಳೂ

ತಾನು ಹಾಡಿದುದನ್ನು ತಾನೇ ಕೇಳಬೇಕೆಂಬ ಆಸೆ ಯಾರಿಗೆ ತಾನೆ ಇರುವುದಿಲ್ಲ? ಈ ಆಸೆಯನ್ನು ಅಲ್ಪವೆಚ್ಚದಲ್ಲಿ ಪೂರೈಸುವೆವೆಂದು ಸಾರುವ ಉಪಕರಣಗಳು ಎಂಟು ದಶಕಗಳಿಂದ ಒಂದರ ಹಿಂದೊಂದು ಪೇಟೆಗೆ ಬರುತ್ತಲೇ ಇವೆ. ಒಂದೊಂದೂ ಕೆಲವು ವರ್ಷ ಮೆರೆದು, ಮುಂದಿನದಕ್ಕೆ ಎಡೆಗೊಟ್ಟು ಮರೆಯಾಗಿದೆ. ಇವುಗಳಲ್ಲಿ ನಿಜವಾದ ಪ್ರಗತಿ ಯಾವುದು, ಬರಿಯ ಷೋಕಿ ಯಾವುದು ಎಂಬುದನ್ನು ಅರಿಯದೆ ಕೊಳ್ಳಹೊರಟ ವಿದ್ಯಾರ್ಥಿಯ ಹಣ ವ್ಯರ್ಥವಾಗುವ ಸಂಭವವುಂಟು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇಲ್ಲಿ ನಮಗೆ ದಾರಿ ತೋರಬಲ್ಲುದು.

ತಂತಿಯಿಂದ ಕ್ಯಾಸೆಟ್ಟಿನವರೆಗೆ

ಧ್ವನಿಯನ್ನು ಉಕ್ಕಿನ ತಂತಿಯ ಮೇಲೆ ಕಾಂತತ್ವದ ರೂಪದಲ್ಲಿ ಹಿಡಿದಿಡಬಹುದೆಂಬುದನ್ನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲಿ ತೋರಿಸಿದನು. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ಮನೆಗಳಲ್ಲಿ ತಂತಿಯ ಧ್ವನಿಲೇಖಕಗಳು ಜನಪ್ರಿಯವಾದುವು. ತಂತಿಯು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರು ಓಡುತ್ತಿದ್ದುದರಿಂದ ಒಂದು ಗಂಟೆಯ ಮುದ್ರಣಕ್ಕೆ 2 ಕಿಲೋಮೀಟರಿಗೂ ಮಿಕ್ಕ ತಂತಿ ಬೇಕಾಗುತ್ತಿತ್ತು. ಕೂದಲೆಳೆಯಂಥ ಆ ತಂತಿ ಕಡಿದರೆ ಗಂಟು ಹಾಕಬೇಕು. ಸಿಕ್ಕುಗೊಂಡರೆ ಬಿಡಿಸುವುದು ದುಸ್ಸಾಧ್ಯ. 1950ರ ದಶಕದಲ್ಲಿ ಕಾಂತೀಯ ಟೇಪು ಅದನ್ನು ಮೂಲೆಗೆ ತಳ್ಳಿತು.

1979ರಲ್ಲಿ ಜಪಾನಿನ ಟಿಯಾಕ್ ಸಂಸ್ಥೆ ‘ಪೋರ್ಟಾಸ್ಟುಡಿಯೊ 144’ ಎಂಬ ಯಂತ್ರವನ್ನು ಹೊರತಂದಿತು. ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ಸಾಲುಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ ಸೌಕರ್ಯ ಇದರಲ್ಲಿದ್ದಿತು. ಒಬ್ಬನೇ ವ್ಯಕ್ತಿ ಮೊದಲು ವಾದ್ಯವನ್ನು ನುಡಿಸಿ, ಅದನ್ನು ಕೇಳುತ್ತ ಅದರ ಮೇಲೆ ಹಾಡಬಹುದಾಯಿತು. ಟೇಪಿನ ವೇಗವನ್ನು ಸೆಕೆಂಡಿಗೆ 4.76 ಸೆಂಟಿಮೀಟರಿನಿಂದ ಸುಮಾರು 9.5ಕ್ಕೆ ಏರಿಸಿದ್ದರು. ಕಾರಣ ಸರಳವಾಗಿದೆ: ಸೆಕೆಂಡಿಗೆ 10,000 ಕಂಪನಗಳ ಸ್ವರದ ಒಂದೊಂದು ಅಲೆಗೂ ಮೊದಲು ಟೇಪಿನ ಮೇಲೆ 4.76 ಮೈಕ್ರೋಮೀಟರು ಸ್ಥಳ ದೊರೆಯುತ್ತಿದ್ದರೆ, ಈಗ ಅದರ ಇಮ್ಮಡಿ ದೊರೆಯಿತು. ಆದುದರಿಂದ ಉಚ್ಚ ಸ್ವರಗಳು ಹೆಚ್ಚು ಸ್ಫುಟವಾದುವು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಪ್ರಕಟಿಸಿದ ‘ನೆಬ್ರಾಸ್ಕಾ’ ಈ ಯಂತ್ರದಲ್ಲಿ, ಮನೆಯಲ್ಲಿಯೇ, ಎರಡು ಸಾಧಾರಣ ಮೈಕ್ರೊಫೋನುಗಳಿಂದ ಮುದ್ರಿತವಾದುದು.

1992ರಲ್ಲಿ ಅಲೆಸಿಸ್ ಸಂಸ್ಥೆಯ ‘ಎಡ್ಯಾಟ್’ ಯಂತ್ರ ಮಾರಾಟಕ್ಕೆ ಬಂದಿತು. ಅದು ವಿಡಿಯೊ ಕ್ಯಾಸೆಟ್ಟಿನ ಮೇಲೆ ಎಂಟು ಸಾಲುಗಳನ್ನು ಅಂಕಿಗಳ ರೂಪದಲ್ಲಿ ಬರೆಯುತ್ತಿತ್ತು. ಕಂಪ್ಯೂಟರು ಬಂದು ಅದನ್ನೂ ಬದಿಗೊತ್ತಿತು. ಈ ಯಂತ್ರಗಳು ಇಂದು ಬಳಕೆಯಲ್ಲಿ ಉಳಿಯದಿದ್ದರೂ ಒಂದೊಂದೂ ತನ್ನ ಕಾಲದ ನಿಜವಾದ ಒಂದು ಅಡಚಣೆಯನ್ನು ನೀಗಿತು. ಇಲ್ಲದ ಅಡಚಣೆಯನ್ನು ನೀಗಲು ಹೊರಟಾಗ ಮಾತ್ರ ಉಪಕರಣ ಷೋಕಿಯಾಗುತ್ತದೆ.

ಅಂಕಿಗಳ ಸ್ಪರ್ಧೆ

ಇಂದಿನ ಯಂತ್ರಗಳು ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಸಂಖ್ಯೆಗಳಾಗಿ ಬರೆದಿಡುತ್ತವೆ. ಒಂದು ಸ್ವರವನ್ನು ತಪ್ಪಿಲ್ಲದೆ ಹಿಡಿಯಲು ಅದರ ಕಂಪನಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಸಾಕೆಂಬುದು ಸಿದ್ಧವಾದ ಗಣಿತಸತ್ಯ. ಯುವಕರ ಕಿವಿಗೂ ಸೆಕೆಂಡಿಗೆ ಸುಮಾರು 20,000 ಕಂಪನಗಳೇ ಮೇಲಿನ ಎಲ್ಲೆ. ಹೀಗಾಗಿ 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನ 44,100 ಅಳತೆಗಳು ನಮ್ಮ ಕಿವಿಗೆ ಸಾಕಾಗುತ್ತವೆ. ಈಗ ಅಗ್ಗದ ಪೆಟ್ಟಿಗೆಗಳ ಮೇಲೂ 1,92,000 ಎಂಬ ಅಂಕಿ ರಾರಾಜಿಸುತ್ತದೆ. ಬಾವಲಿಯ ಕೂಗನ್ನು ಅಭ್ಯಸಿಸುವವರಿಗೆ ಅದು ಬೇಕಾದೀತು. ಗಾಯಕನಿಗೆ ಅದರಿಂದ ಲಾಭವಿಲ್ಲ.

ಬಿಟ್ಟುಗಳ ಮಾತೂ ಹೀಗೆಯೇ. ಒಂದೊಂದು ಬಿಟ್ಟಿಗೂ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವಣ ಅಂತರ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. 16 ಬಿಟ್ಟುಗಳಿಗೆ 96 ಡೆಸಿಬೆಲ್, 24ಕ್ಕೆ 144. ಆದರೆ ಮನೆಯ ಕೋಣೆಯಲ್ಲಿ ಈ ಅಂತರ ಎಷ್ಟಿದ್ದೀತು? ಮೈಕ್ರೊಫೋನಿನಿಂದ 30 ಸೆಂಟಿಮೀಟರು ದೂರದಲ್ಲಿ ಸಹಜವಾಗಿ ಮಾತನಾಡಿದರೆ ಧ್ವನಿ ಸುಮಾರು 70 ಡೆಸಿಬೆಲ್. ಫ್ಯಾನು ತಿರುಗುತ್ತಿರುವ ಕೋಣೆಯ ಗದ್ದಲ ಸುಮಾರು 50. ಉಳಿದುದು ಇಪ್ಪತ್ತೇ! ಧ್ವನಿಮಟ್ಟವನ್ನು ತುಸು ತಗ್ಗಿಸಿಟ್ಟುಕೊಂಡು ನಿಶ್ಚಿಂತರಾಗಿರಲು 24 ಬಿಟ್ಟುಗಳು ಅನುಕೂಲವೆಂಬುದು ದಿಟ. ಆದರೆ ಫ್ಯಾನಿನ ಸದ್ದನ್ನು ಯಾವ ಬಿಟ್ಟೂ ಅಳಿಸಲಾರದು.

ಇದಕ್ಕೆ ಕಾಸಿಲ್ಲದ ಪರಿಹಾರ ಉಂಟು. ನೇರವಾಗಿ ಬರುವ ಧ್ವನಿ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಬಾಯಿಗೂ ಮೈಕ್ರೊಫೋನಿಗೂ ಇರುವ ದೂರವನ್ನು ಅರ್ಧಮಾಡಿದರೆ ಧ್ವನಿ 6 ಡೆಸಿಬೆಲ್ ಏರುತ್ತದೆ. ಕೋಣೆಯ ಗದ್ದಲ ಇದ್ದಲ್ಲಿಯೇ ಇರುತ್ತದೆ. 60 ಸೆಂಟಿಮೀಟರಿನಿಂದ 15ಕ್ಕೆ ಬಂದರೆ ಲಾಭ 12 ಡೆಸಿಬೆಲ್. ತೀರ ಹತ್ತಿರ ಬಂದರೆ ಉಸಿರಿನ ಹೊಡೆತ ಕೇಳುವುದರಿಂದ ಮೈಕ್ರೊಫೋನನ್ನು ಬಾಯಿಯ ನೇರದಿಂದ ತುಸು ಓರೆಯಾಗಿಡಬೇಕು.

ಕೋಣೆಯ ಲೆಕ್ಕ

ಗದ್ದಲವಡಗಿದ ಮೇಲೆ ಉಳಿಯುವುದು ಅನುರಣನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸ ಮಂದಿರವೊಂದರಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾಗುತ್ತಿದ್ದುವು. ವಾಲೇಸ್ ಸೇಬಿನ್ 1895ರಿಂದ ಅಲ್ಲಿ ಪ್ರಯೋಗ ನಡೆಸಿದನು. ಬೇರೊಂದು ನಾಟ್ಯಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗೆ ಧ್ವನಿ ಎಷ್ಟು ಬೇಗ ಅಡಗುವುದೆಂದು ಅಳೆದನು. ಅವನು ಕಂಡ ಸೂತ್ರ ಇದು: ಕೋಣೆಯ ಘನಗಾತ್ರವನ್ನು 0.16ರಿಂದ ಗುಣಿಸಿ, ಅಲ್ಲಿಯ ಧ್ವನಿ ಹೀರಿಕೆಯಿಂದ ಭಾಗಿಸಿದರೆ, ಧ್ವನಿ 60 ಡೆಸಿಬೆಲ್ ಕುಗ್ಗಲು ಬೇಕಾದ ಸೆಕೆಂಡುಗಳು ದೊರೆಯುತ್ತವೆ.

4 ಮೀಟರು ಉದ್ದ, 3 ಅಗಲ, 3 ಎತ್ತರದ ಬರಿಗೋಣೆಯ ಘನಗಾತ್ರ 36 ಘನಮೀಟರು. ಒಳಮೈ 66 ಚದರ ಮೀಟರು. ಗಾರೆ ಗೋಡೆ ಧ್ವನಿಯ ನೂರರಲ್ಲಿ ಮೂರು ಪಾಲನ್ನು ಹೀರುವುದೆಂದಿಟ್ಟುಕೊಂಡರೆ, ಒಟ್ಟು ಹೀರಿಕೆ ಸುಮಾರು 2 ಚದರ ಮೀಟರು. ಅನುರಣನಕಾಲ ಸುಮಾರು 2.9 ಸೆಕೆಂಡು. ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ತೆರೆದ ಬೀರುಗಳಿಂದ ಹೀರಿಕೆಗೆ ಇನ್ನು 10 ಚದರ ಮೀಟರು ಸೇರಿತೆನ್ನೋಣ. ಕಾಲ ಅರ್ಧ ಸೆಕೆಂಡಿಗಿಂತಲೂ ಕೆಳಗಿಳಿಯುತ್ತದೆ.

ಗೋಡೆಗೆ ಮೊಟ್ಟೆಯ ತಟ್ಟೆಗಳನ್ನೂ ತೆಳುವಾದ ಸ್ಪಂಜಿನ ಹಾಳೆಗಳನ್ನೂ ಅಂಟಿಸುವ ಷೋಕಿಯೂ ಉಂಟು. ಸೆಕೆಂಡಿಗೆ 100 ಕಂಪನಗಳ ಮಂದ್ರಸ್ವರದ ಅಲೆಯ ಉದ್ದ 3.4 ಮೀಟರು, ಎರಡು ಬೆರಳು ದಪ್ಪದ ಹಾಳೆ ಅದನ್ನು ತಡೆಯಲಾರದು. ಆ ಕೆಲಸಕ್ಕೆ ದಪ್ಪನಾದ ಹತ್ತಿಯ ಹಾಸಿಗೆಯೇ ಮೇಲು.

ಮಾಡಿ ನೋಡಬೇಕಾದ ಪ್ರಯೋಗ

ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಒಂದೇ ವಾಕ್ಯವನ್ನು ನಾಲ್ಕು ಬಾರಿ ಮುದ್ರಿಸಿರಿ: ಬರಿಗೋಣೆಯಲ್ಲಿ 60 ಸೆಂಟಿಮೀಟರು ದೂರದಿಂದ, ಬಳಿಕ 15ರಿಂದ, ಫ್ಯಾನು ನಿಲ್ಲಿಸಿ, ಕೊನೆಗೆ ಸುತ್ತಲೂ ಕಂಬಳಿ ತೂಗುಹಾಕಿ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಇರುವ ಅಂತರವನ್ನು ಕೇಳಿರಿ. ಅನಂತರವೂ ಕುಂದು ಉಳಿದಿದ್ದರೆ, ಅದು ಯಾವುದೆಂದು ಹೆಸರಿಸಿ, ಅದನ್ನು ನೀಗುವ ಉಪಕರಣವನ್ನು ಮಾತ್ರ ಕೊಳ್ಳಿರಿ. ಕುಂದನ್ನು ಹೆಸರಿಸಲಾಗದಿದ್ದರೆ, ಹಣ ಕಿಸೆಯಲ್ಲಿಯೇ ಇರಲಿ.